ಶಿರಾ ಬಸ್ಸಿಗೆ ಮುಂಚೆ ಕೊಂಡ ಮನೆ

ಮಧುಗಿರಿಯಲ್ಲಿ ನಮ್ಮಪ್ಪ ನೋಡದ ಮನೆ ಇರಲಿಲ್ಲ. ಒಪ್ಪಿದ ಮನೆಯೂ ಇರಲಿಲ್ಲ. ಪಾವಗಡದ ಕಡೆ ನಿಡುಗಲ್ಲಿನ ಪಕ್ಕದ ಹಳ್ಳಿಯಿಂದ ಬಂದು ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅಪ್ಪ, ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ್ದ. ಸಂಸಾರವೆಂದರೆ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ನಾನು, ಇನ್ನೂ ಅಂಬೆಗಾಲಿಡುತ್ತಿದ್ದ ನನ್ನ ತಮ್ಮ. ಅಂಗಡಿಯಲ್ಲಿ ಹಿಡಿಯದ ಪಾತ್ರೆಗಳೂ ನಮ್ಮ ಜೊತೆಗೇ ಮಲಗುತ್ತಿದ್ದವು. ಯಾರಾದರೂ ಮಗ್ಗುಲು ಬದಲಿಸಿದರೆ ಕೊಳಗವೊಂದು ಉರುಳಿ ಚೊಂಬಿಗೆ ತಗುಲುತ್ತಿತ್ತು, ಚೊಂಬು ತಟ್ಟೆಗಳ ಮೇಲೆ ಬೀಳುತ್ತಿತ್ತು, ತಮ್ಮ ಎದ್ದು ಕಿರುಚುತ್ತಿದ್ದ, ಅಜ್ಜಿ ಶಿವನನ್ನು ಕರೆಯುತ್ತಿದ್ದಳು. ಅಮ್ಮ ಮಾತ್ರ ಕತ್ತಲಲ್ಲೇ ನಗುತ್ತಿದ್ದಳು. ಅವಳ ನಗು ಕೇಳಿ ನನಗೂ ನಗು ಬರುತ್ತಿತ್ತು.

ಅಪ್ಪ ಮನೆ ನೋಡುವ ಕ್ರಮವೇ ಬೇರೆ. ಮೊದಲು ಯಾರಿದ್ದರು, ಯಾಕೆ ಬಿಟ್ಟರು, ಬೇಸಿಗೆಯಲ್ಲಿ ನೀರು ಎಲ್ಲಿಗೆ ಇಳಿಯುತ್ತದೆ, ಬಚ್ಚಲ ನೀರು ಎತ್ತ ಹರಿಯುತ್ತದೆ, ಪಕ್ಕದವರು ಜೋರು ಬಾಯಿಯವರೋ ಮೆತ್ತನೆಯವರೋ ಎಂದೆಲ್ಲ ಕೇಳುತ್ತಿದ್ದ. ಬಿರುಕು ಬಿಟ್ಟ ಹಂಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕಂಡುಹಿಡಿಯುವವನು, ಗೋಡೆಗಳನ್ನೂ ಹಾಗೆಯೇ ಬಡಿದು ಕಿವಿಗೊಡುತ್ತಿದ್ದ. ಬೆಳಗ್ಗೆ ನೋಡಿದ ಮನೆಯನ್ನು ಸಂಜೆ ಬಿಸಿಲಿಗೆ ಮತ್ತೊಮ್ಮೆ ನೋಡುತ್ತಿದ್ದ. ಎಲ್ಲ ತಿಳಿದ ಮೇಲೆ ಮಾತ್ರ ತೀರ್ಮಾನ ಎನ್ನುವುದು ಅವನ ನಿಯಮ. ಎಲ್ಲ ತಿಳಿಯುವಷ್ಟರಲ್ಲಿ ಬೇರೆ ಯಾರೋ ಆ ಮನೆಯಲ್ಲಿ ಹಾಲು ಉಕ್ಕಿಸಿ, ಮುಂಬಾಗಿಲಿಗೆ ತೋರಣವನ್ನೂ ಕಟ್ಟಿರುತ್ತಿದ್ದರು.

ಅಜ್ಜಿಗೆ ಇಂಥ ವಿಚಾರಣೆ ಬೇಕಿರಲಿಲ್ಲ. ಇವತ್ತಿನ ಯಾವುದೇ ಸಂಗತಿಗೆ ಅವಳ ಹತ್ತಿರ ಹಿಂದಿನದೊಂದು ಸಿದ್ಧವಾಗಿರುತ್ತಿತ್ತು. ಬದನೆಕಾಯಿ ಮಾರುವವನ ಮೂಗು ನೋಡಿದರೆ ಅವಳಿಗೆ ಊರಲ್ಲಿ ತೂಕದಲ್ಲಿ ಮೋಸ ಮಾಡುತ್ತಿದ್ದ ಇನ್ನೊಬ್ಬ ಮೂಗಿನವನು ನೆನಪಾಗುತ್ತಿದ್ದ; ಆ ಪಾಪದವನ ಬುಟ್ಟಿ ನಮ್ಮ ಬಾಗಿಲಲ್ಲಿ ಇಳಿಯುತ್ತಲೇ ಇರಲಿಲ್ಲ. ಅಮ್ಮನಿಗೆ ಅಪ್ಪನಷ್ಟು ಪುರುಸೊತ್ತೂ ಇರಲಿಲ್ಲ, ಅಜ್ಜಿಯಷ್ಟು ನೆನಪಿನ ಗಂಟೂ ಇರಲಿಲ್ಲ. ಒಲೆಯ ಮೇಲೆ ಹಾಲು ಇರುತ್ತಿತ್ತು, ಸೊಂಟದ ಮೇಲೆ ತಮ್ಮ ಇರುತ್ತಿದ್ದ. ಹಾಲು ಉಕ್ಕುವುದರೊಳಗೆ ಹೌದೋ ಅಲ್ಲವೋ ಎಂದು ಹೇಳಿಬಿಡುತ್ತಿದ್ದಳು. ಈ ಮೂರು ಜನರ ನಡುವೆ ಬೆಳೆದವಳು ನಾನು.

ಒಂದು ಭಾನುವಾರ ಬೆಟ್ಟದ ಬುಡದ ಬೀದಿಯಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಶಿರಾದ ಕಂಬಳಿ ವ್ಯಾಪಾರಿ ಖಾದರ್ ಸಾಹೇಬರದು ಅದು. ಅವರ ತಂದೆ ಮಧುಗಿರಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಕೊಂಡ ಮನೆ. ಈಗ ಬೀಗ ಬಿದ್ದಿತ್ತು. ಸಾಹೇಬರು ವಯಸ್ಸಾದ ತಾಯಿಯನ್ನೂ ಕರೆದುಕೊಂಡು ಬಂದಿದ್ದರು. ಮನೆಯಲ್ಲಿ ಮಗಳ ಮದುವೆ, ಸಂಜೆಗೆ ನೆಂಟರು ಬಂದಿಳಿಯುವವರು. ಮಧ್ಯಾಹ್ನದ ಶಿರಾ ಬಸ್ಸು ಹಿಡಿಯಲೇಬೇಕಿತ್ತು. ಬೆಲೆಯ ಮಾತು ಮೊದಲೇ ಆಗಿತ್ತು. ನಾವು ಬೇಡವೆಂದರೆ, ಹಿಂದಿನ ದಿನ ನೋಡಿ ಮೆಚ್ಚಿದ್ದ ಕೊರಟಗೆರೆಯವರಿಗೆ ಮಾತು ಕೊಟ್ಟು ಬಸ್ಸು ಹತ್ತುವುದಾಗಿ ಅವರು ಮೊದಲಿಗೇ ಸ್ಪಷ್ಟವಾಗಿ ಹೇಳಿಬಿಟ್ಟರು.

ಅಪ್ಪ ಪಡಸಾಲೆಯಿಂದ ಶುರು ಮಾಡಿದ. ಬಡಿದ, ಕೇಳಿಸಿಕೊಂಡ, ಇನ್ನೊಂದು ಗೋಡೆಗೆ ಹೋದ. ಸಾಹೇಬರು ಹಿಂದೆ ಹಿಂದೆಯೇ ಹೋಗುತ್ತ ಎಲ್ಲದಕ್ಕೂ ಸಮಾಧಾನವಾಗಿ ಉತ್ತರ ಹೇಳುತ್ತಿದ್ದರು, ನಡುನಡುವೆ ಕೈಗಡಿಯಾರದ ಕಡೆ ಕಣ್ಣು ಹಾಯಿಸುತ್ತಿದ್ದರು. ಅಪ್ಪ ಎರಡನೆಯ ಕೋಣೆಗೆ ಬರುವಷ್ಟರಲ್ಲಿ ಅಜ್ಜಿ ಹಿತ್ತಲಿಗೆ ಹೋಗಿದ್ದಳು, ನಾನೂ ಹಿಂದೆ ಓಡಿದ್ದೆ. ಅಲ್ಲೊಂದು ದೊಡ್ಡ ಹುಣಸೆಮರ, ಅದರಾಚೆ ಕಲ್ಲು ಕಟ್ಟಿದ ಬಾವಿ, ಬಾವಿಯ ಪಕ್ಕದಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ತೊಟ್ಟಿ. ಅಜ್ಜಿ ತೊಟ್ಟಿಯ ಅಂಚು ಸವರಿದಳು. ಮತ್ತೆ ಸವರಿದಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಗಿರ್ಜಿ, ನಿಮ್ಮಪ್ಪನ್ನ ಕರಿಯಮ್ಮ. ಈ ಬಾವಿ ನೀರ ನಾನು ಕುಡ್ದಿದೀನಿ."

ತಾನು ನನ್ನಷ್ಟೇ ಇದ್ದಾಗ ತನ್ನ ಅಪ್ಪನ ಜೊತೆ ನಿಡುಗಲ್ಲಿನಿಂದ ಸಿದ್ದರಬೆಟ್ಟಕ್ಕೆ ನಡೆದುಕೊಂಡು ಹೋಗಿದ್ದಳಂತೆ. ಬೆಟ್ಟ ಇಳಿದು ವಾಪಸು ಬರುವಾಗ ಬಾಯಾರಿಕೆಯಿಂದ ನಾಲಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತಂತೆ. ಆಗ ಯಾರೋ ಹೆಂಗಸು ಹಿತ್ತಲಿಗೆ ಕರೆದು, ನೀರು ಸೇದಿ ಕಲ್ಲಿನ ತೊಟ್ಟಿಗೆ ಹುಯ್ದು ಕೈಕಾಲು ತೊಳೆಸಿ, ಅಂಗೈಗೆ ಬೆಲ್ಲದ ಚೂರು ಕೊಟ್ಟು, ಬೊಗಸೆ ತುಂಬ ನೀರು ಕುಡಿಸಿದಳಂತೆ. ಅಂಥ ಸಿಹಿ ನೀರನ್ನು ಆಮೇಲೆ ಜನ್ಮದಲ್ಲಿ ಕುಡಿದಿಲ್ಲವಂತೆ. ಮರದ ನೆರಳಲ್ಲಿ ಕೂತಿದ್ದ ಸಾಹೇಬರ ತಾಯಿ ಇದನ್ನೆಲ್ಲ ಕೇಳುತ್ತ ಕೇಳುತ್ತ ಎದ್ದು ಹತ್ತಿರ ಬಂದಳು.

"ಅದು ನಮ್ಮತ್ತೇನೇ ಇರ್ಬೇಕು ಕಣಮ್ಮ. ಬೆಲ್ಲ ಇಲ್ದೆ ಬರೀ ನೀರು ಕೊಟ್ಟೋಳೇ ಅಲ್ಲ ಅವಳು."

ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತರು. ಆ ಹೆಂಗಸಿನ ಕೈಯಲ್ಲಿ ಹಸಿರು ಬಳೆ ಇದ್ದವು ಎಂದು ಒಬ್ಬಳು ಹೇಳಿದರೆ, ಹೌದು, ಅತ್ತೆ ಹಸಿರೇ ತೊಡುತ್ತಿದ್ದಳು ಎಂದು ಇನ್ನೊಬ್ಬಳು ಹೇಳಿದಳು. ತಲೆಯ ಮೇಲೆ ಸೆರಗು ಬಂತು, ಕೆನ್ನೆಯ ಮೇಲೆ ಮಚ್ಚೆ ಬಂತು. ಸತ್ತು ಎಷ್ಟೋ ಕಾಲವಾಗಿದ್ದ ಒಬ್ಬ ಹೆಂಗಸು ಆ ಮಧ್ಯಾಹ್ನ ಹುಣಸೆಮರದ ಕೆಳಗೆ ಹಗ್ಗ ಹಿಡಿದು ನಿಂತಂತೆ ನನಗೂ ಅನ್ನಿಸಿತು.

ಒಳಗೆ ಅಪ್ಪ ಎರಡು ದಿನ ಸಮಯ ಕೇಳುತ್ತಿದ್ದ. ಪಡುವಣ ಗೋಡೆ ಅವನಿಗೆ ಅನುಮಾನ ತಂದಿತ್ತು. ಮಾಳಿಗೆಗೆ ಹತ್ತಿ ನೋಡಬೇಕಿತ್ತು. ಬಾವಿಯ ನೀರು ಬೇಸಿಗೆಯಲ್ಲಿ ಹೇಗೆಂದು ಪಕ್ಕದವರನ್ನು ವಿಚಾರಿಸಬೇಕಿತ್ತು. ಸಾಹೇಬರು ಚೀಲ ಹೆಗಲಿಗೇರಿಸಿ, ಬಹಳ ಮರ್ಯಾದೆಯಿಂದಲೇ, ತಮಗೂ ಬೇಜಾರು, ಆದರೆ ಮದುವೆಮನೆ ಎಂದರು. ಅಷ್ಟು ಹೊತ್ತೂ ಅಮ್ಮ ಅಡುಗೆಮನೆ ಬಿಟ್ಟು ಕದಲಿರಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಲ್ಲಿಂದ ಕಿಟಕಿಯಲ್ಲಿ ಏನು ಕಾಣುತ್ತದೆಂದು ನೋಡಿದಳು. ಬೀದಿ ಬಾಗಿಲೂ ಕಾಣುತ್ತಿತ್ತು, ಹಿತ್ತಲೂ ಕಾಣುತ್ತಿತ್ತು. ಅಡುಗೆ ಮಾಡುತ್ತಲೇ ಬಂದವರನ್ನು ಮಾತಾಡಿಸಬಹುದು, ಅಂಬೆಗಾಲಿಡುವ ಮಗು ಎತ್ತ ಹೋಯಿತೆಂದು ತಿಳಿಯಬಹುದು. ಆಮೇಲೆ ನನ್ನನ್ನು ಕರೆದು, ಎಲ್ಲಿ ಮಲಗುತ್ತೀಯ ತೋರಿಸು ಎಂದಳು. ನಾನು ಪಡಸಾಲೆಗೆ ಓಡಿ, ಕಿಟಕಿಯ ಕೆಳಗಿನ ಕಲ್ಲುಕಟ್ಟೆಯ ಮೇಲೆ ಬೆನ್ನು ಚಾಚಿದೆ. ಕಲ್ಲು ತಣ್ಣಗಿತ್ತು. ಏಳಲು ಮನಸ್ಸೇ ಬರಲಿಲ್ಲ. ಅಮ್ಮ ನನ್ನನ್ನು ಒಂದು ಗಳಿಗೆ ನೋಡಿ ಅಪ್ಪನ ಕಡೆ ತಿರುಗಿದಳು.

"ರೀ, ನೀವು ಯೋಚ್ನೆ ಮಾಡೋದು ನಿಲ್ಲಿಸ್ಬೇಡಿ. ಆದ್ರೆ ಒಳಗೆ ಕೂತು ಮಾಡಿ. ನಾವು ಸಾಮಾನು ತರ್ತೀವಿ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಅಪ್ಪನಿಗೂ ನಗು ಬಂತು. ನಕ್ಕವನು ಇಲ್ಲವೆನ್ನುವುದು ಹೇಗೆ? ಬೀದಿ ತುದಿಯ ಅಂಗಡಿಯಿಂದ ಎಲೆ ಅಡಿಕೆ ಬಂತು, ತಾಂಬೂಲ ಬದಲಾಯಿತು. ಅತ್ತ ತಾಯಿ ಮಗ ಬಸ್ಸಿಗೆ ಓಡುನಡಿಗೆಯಲ್ಲಿ ಹೊರಟರು. ತಿರುವಿನಲ್ಲಿ ಆ ಅಜ್ಜಿ ನಿಂತು ಕೂಗಿ ಒಂದು ಷರತ್ತು ಹಾಕಿದಳು: ವರ್ಷಕ್ಕೊಂದು ಬುಟ್ಟಿ ಹುಣಸೆಹಣ್ಣು ತನಗೆ ಬರಬೇಕು, ಅದನ್ನು ತಾನೇ ಬಂದು ಒಯ್ಯುತ್ತೇನೆ.

ಆ ಮನೆಗೆ ಹೋದ ಮೇಲೆ ಒಂದೊಂದಾಗಿ ಅಪ್ಪನ ಅನುಮಾನಗಳೆಲ್ಲ ನಿಜವಾದವು. ಮೊದಲ ಮಳೆಗೆ ಮಾಳಿಗೆ ಮೂರು ಕಡೆ ಸೋರಿತು. ಅಪ್ಪ ಅಂಗಡಿಯಿಂದ ಹೊಸ ಪಾತ್ರೆ ತಂದು ಇಟ್ಟ, ಸೋರುವ ಹನಿಗಳು ಹಿತ್ತಾಳೆಯ ಮೇಲೊಂದು ಸದ್ದು, ಸ್ಟೀಲಿನ ಮೇಲೊಂದು ಸದ್ದು ಮಾಡಿದವು, ತಮ್ಮ ಆ ತಾಳಕ್ಕೆ ಕುಣಿದ. ಪಡುವಣ ಗೋಡೆ ಬೇಸಿಗೆಯ ಸಂಜೆ ಕಾದ ಹೆಂಚಿನಂತಾಗುತ್ತಿತ್ತು. ಚಳಿಗಾಲದಲ್ಲೂ ಬೆಚ್ಚಗಿರುತ್ತಿದ್ದ ಅದಕ್ಕೆ ಅಮ್ಮ ಒಂದು ಕೆಲಸ ಹುಡುಕಿದಳು: ಚಳಿಗಾಲದಲ್ಲಿ ಹುಳಿ ಬಾರದ ದೋಸೆಹಿಟ್ಟಿನ ಪಾತ್ರೆಯನ್ನು ಆ ಗೋಡೆಗೆ ಒರಗಿಸಿಡುತ್ತಿದ್ದಳು, ಬೆಳಗ್ಗೆ ಹಿಟ್ಟು ಮುಚ್ಚಳವನ್ನೇ ಎತ್ತಿರುತ್ತಿತ್ತು. ಸೋಮವಾರ ಅಜ್ಜಿ ಶಿವಪೂಜೆ ಮುಗಿಸಿ ನಮ್ಮ ಹಣೆಗೆಲ್ಲ ವಿಭೂತಿ ಹಚ್ಚಿ, ಉಳಿದದ್ದನ್ನು ಬಾವಿಕಟ್ಟೆಗೂ ಹಚ್ಚುತ್ತಿದ್ದಳು. ರಾತ್ರಿಯೂಟಕ್ಕೆ ಎಲ್ಲರೂ ಅಡುಗೆಮನೆಯಲ್ಲೇ ಸುತ್ತ ಕೂರುತ್ತಿದ್ದೆವು. ಅಜ್ಜಿ ಮುದ್ದೆ ಕಟ್ಟುತ್ತಿದ್ದಳು, ಅಮ್ಮ ಹುರುಳಿಸಾರು ಬಡಿಸುತ್ತಿದ್ದಳು, ಅಪ್ಪ ಆ ದಿನ ಯೋಚಿಸಿದ್ದನ್ನು ವರದಿ ಮಾಡುತ್ತಿದ್ದ.

ಬಾವಿಯ ನೀರು ಮಾತ್ರ ದೊಡ್ಡ ಜಗಳವಾಯಿತು. ಅದು ಸವಳು. ಬಾಯಿಗೆ ಹಾಕಿದರೆ ಉಪ್ಪುಪ್ಪು. ಅದರಲ್ಲಿ ತೊಗರಿಬೇಳೆ ಬೇಯುತ್ತಲೇ ಇರಲಿಲ್ಲ. ಅಜ್ಜಿ ಒಪ್ಪಲಿಲ್ಲ. ನೀರು ಸಿಹಿಯೇ, ಈಗಿನ ಬೇಳೆಯೇ ಕೆಟ್ಟದ್ದು ಎಂದಳು. ಅಪ್ಪ ಪರೀಕ್ಷೆ ಮಾಡಿಬಿಡೋಣವೆಂದು ಎರಡು ಒಲೆ ಹೂಡಿ, ಒಂದೇ ಅಳತೆಯ ಎರಡು ಪಾತ್ರೆಯಲ್ಲಿ ಒಂದೇ ಬೇಳೆ ಹಾಕಿ, ಒಂದಕ್ಕೆ ಬೀದಿ ನಲ್ಲಿಯ ನೀರು, ಇನ್ನೊಂದಕ್ಕೆ ಬಾವಿಯ ನೀರು ಹುಯ್ದ. ಬೀದಿಯ ಹೆಂಗಸರೂ ಬಂದು ಕೂತರು. ನಲ್ಲಿ ನೀರಿನ ಬೇಳೆ ಬೆಣ್ಣೆಯಾಯಿತು, ಬಾವಿ ನೀರಿನದು ಕಲ್ಲಿನಂತೆ ಉಳಿಯಿತು. ಅಜ್ಜಿ ಎರಡನ್ನೂ ನೋಡಿ, ಆ ಕಡೆಯ ಒಲೆಗೆ ಉರಿ ಸಾಲದು ಎಂದಳು. ಅಪ್ಪ ಒಲೆ ಬದಲಾಯಿಸಿದ. ಮತ್ತೂ ಬೇಯಲಿಲ್ಲ. ಇಷ್ಟು ಜನ ಕಣ್ಣು ಹಾಕಿದರೆ ಯಾವ ಬೇಳೆ ತಾನೇ ಬೆಂದೀತು ಎಂದು ಅಜ್ಜಿ ಎದ್ದುಹೋದಳು. ಅವತ್ತು ಇಡೀ ಬೀದಿಗೆ ನಮ್ಮ ಮನೆಯಲ್ಲೇ ಬೇಳೆಸಾರು.

ಮುಂದೆ ನಾನು ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆದೆ. ಮಕ್ಕಳಿಗೆ ಹಂತ ಬಿಡದೆ ಸಾಧಿಸಿ ತೋರಿಸಬೇಕೆಂದು ಹೇಳುವಾಗ ನನ್ನೊಳಗಿನ ಅಪ್ಪ ಮಾತಾಡುತ್ತಿದ್ದ. ಗಂಟೆ ಹೊಡೆಯುವ ಮೊದಲು ಯಾವ ಲೆಕ್ಕ ಬಿಡಬೇಕೆಂದು ಆರಿಸುವಾಗ ಅಮ್ಮ ಬರುತ್ತಿದ್ದಳು. ಹೊಸ ಹುಡುಗನೊಬ್ಬನ ಮುಖ ನೋಡಿದ ಕೂಡಲೇ ಇವನು ಇಂಥವನೆಂದು ತೀರ್ಮಾನಿಸುವವಳು ಮಾತ್ರ ಅಜ್ಜಿ. ಅವಳನ್ನು ಎಷ್ಟೋ ಸಲ ಗದರಿಸಿ ಕೂರಿಸಬೇಕಾಗಿದೆ. ಈಗ ನನ್ನ ಮೊಮ್ಮಗಳು ತುಮಕೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಳೆ. ಫೋನಿನಲ್ಲಿ ಮನೆಗಳ ಫೋಟೋ ಸರಿಸುತ್ತಾಳೆ, ಮೊದಲು ಇದ್ದವರು ಬರೆದದ್ದನ್ನೆಲ್ಲ ಓದುತ್ತಾಳೆ, ಮತ್ತೆ ಸರಿಸುತ್ತಾಳೆ. ಅವಳ ಬೆರಳು ನೋಡುವಾಗ ಗೋಡೆ ಬಡಿಯುತ್ತಿದ್ದ ಅಪ್ಪನ ಗೆಣ್ಣು ಕಾಣುತ್ತದೆ.

ಆಗೆಲ್ಲ ಹುಣಸೆಹಣ್ಣಿನ ಕಾಲದಲ್ಲಿ ಖಾದರ್ ಸಾಹೇಬರ ತಾಯಿ ಮಾತಿನಂತೆ ಬರುತ್ತಿದ್ದಳು. ನಮಗೆ ಅವಳು ಶಿರಾ ಅಜ್ಜಿ. ಬರುವಾಗ ನಮಗೆಂದು ಕೈಯಲ್ಲಿ ಹೊಸೆದ ಶ್ಯಾವಿಗೆ ತರುತ್ತಿದ್ದಳು. ಒಂದು ವರ್ಷ ಅವಳು ಬಂದ ದಿನವೇ ನಮ್ಮಜ್ಜಿಯ ತಮ್ಮ ಮಲ್ಲಣ್ಣನೂ ಊರಿಂದ ಬಂದಿದ್ದ. ನಾವು ಅವನನ್ನು ಚಿಕ್ಕತಾತ ಎನ್ನುತ್ತಿದ್ದೆವು. ಎಲ್ಲರೂ ಮರದ ಕೆಳಗೆ ಕೂತು ಹಣ್ಣಿನ ಬೀಜ ಬಿಡಿಸುತ್ತಿದ್ದಾಗ ಅಜ್ಜಿ ಎಂದಿನಂತೆ ಬಾವಿಯ ಕತೆ ತೆಗೆದಳು. ಚಿಕ್ಕತಾತನ ಕೈ ನಿಂತಿತು.

"ಅಕ್ಕಾ, ಅದು ಮಧುಗಿರಿ ಅಲ್ಲ. ಕೊರಟಗೆರೆ ಕಡೆ, ಸಿದ್ದರಬೆಟ್ಟದ ಬುಡದಾಗೆ. ಅಲ್ದೆ ನೀನೆಲ್ಲಿ ಬಂದಿದ್ದೆ? ನಿಂಗೆ ಜರ ಬಂದು ಮನೇಲಿದ್ದೆ. ನೀರು ಕುಡ್ದೋನು ನಾನು. ಬಂದು ನಿಂಗೆ ಹೇಳ್ದೆ."

"ಏಮ್ರಾ ಮಲ್ಲ, ಸುಮ್ಕಿರು" ಎಂದಳು ಅಜ್ಜಿ, ಪಾವಗಡದ ಕಡೆಯ ತೆಲುಗು ಬೆರೆಸಿ. ದನಿಯಲ್ಲಿ ಬಲವಿರಲಿಲ್ಲ. ಅವಳು ಶಿರಾ ಅಜ್ಜಿಯ ಕಡೆ ನೋಡಿದಳು, ಸಾಕ್ಷಿಗೆ. ಶಿರಾ ಅಜ್ಜಿ ಮಡಿಲಿನ ಬೀಜಗಳನ್ನು ಕೆಳಗೆ ಕೊಡವಿ ಬಾಯಿ ತೆರೆದಳು. ಅವಳ ಅತ್ತೆ ಮಧುಗಿರಿಯನ್ನೇ ನೋಡಿರಲಿಲ್ಲ. ಈ ಮನೆ ಕೊಳ್ಳುವ ಮೊದಲೇ ಶಿರಾದಲ್ಲಿ ತೀರಿಕೊಂಡಿದ್ದಳು.

"ನಾನು ಸುಳ್ಳು ಹೇಳ್ಲಿಲ್ಲ ಕಣಮ್ಮ. ನೀನು ಹೇಳ್ತಾ ಹೇಳ್ತಾ ನನ್ನ ಕಣ್ಣಿಗೂ ಹಂಗೇ ಕಾಣಿಸ್ತು. ಅವಳು ಇಲ್ಲೇ ನಿಂತಿದ್ಲು."

ಅಜ್ಜಿ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಟ್ಟೆ ಗಂಟು ಕಟ್ಟಿಕೊಂಡು ಬಂದು ಪಡಸಾಲೆಯಲ್ಲಿ ಕೂತಳು. ಇಲ್ಲದ ಮಾತು ಹೇಳಿ ಮಗನಿಗೆ ಸವಳು ಬಾವಿಯ ಮನೆ ಕೊಡಿಸಿದ ತಾನು ಇಲ್ಲಿರುವುದಿಲ್ಲ, ತಮ್ಮನ ಜೊತೆ ಊರಿಗೆ ಹೋಗುತ್ತೇನೆ ಎಂದಳು. ನನಗೆ ಅಳುವೇ ಬಂತು. ಅಜ್ಜಿಯಿಲ್ಲದ ಮನೆಯಲ್ಲಿ ಮುದ್ದೆ ಯಾರು ಕಟ್ಟುತ್ತಾರೆ, ವಿಭೂತಿ ಯಾರು ಹಚ್ಚುತ್ತಾರೆ? ಅಮ್ಮ ಸಮಾಧಾನ ಮಾಡಲು ಹೋಗಿ, ಮನೆಯನ್ನು ನಿಮ್ಮ ಬಾವಿ ನೋಡಿ ಹಿಡಿದದ್ದಲ್ಲ, ಅಡುಗೆಮನೆಯ ಕಿಟಕಿ ನೋಡಿ ಹಿಡಿದದ್ದು ಎಂದು ನಿಜ ಹೇಳಿದಳು. ಅಜ್ಜಿಗೆ ಇನ್ನೂ ಸಿಟ್ಟು ಬಂತು. ಹಾಗಾದರೆ ಇಷ್ಟು ವರ್ಷ ತನ್ನ ಮಾತಿಗೆ ಈ ಮನೆಯಲ್ಲಿ ಕಿಮ್ಮತ್ತೇ ಇರಲಿಲ್ಲವೇ ಎಂದು ಕೇಳಿದಳು. ಹೊರಟರೆ ಒಂದು ಕಾರಣಕ್ಕೆ ಹೊರಡಬೇಕು. ಎರಡು ಕಾರಣಗಳು ಒಂದಕ್ಕೊಂದು ಎದುರು ನಿಂತಾಗ ಹೊರಡುವುದು ಕಷ್ಟ. ಗಂಟು ಅಲ್ಲೇ ಉಳಿಯಿತು, ಅಜ್ಜಿಯೂ ಉಳಿದಳು. ಲೆಕ್ಕಕ್ಕೆ ಕೊಟ್ಟ ದತ್ತವೇ ತಪ್ಪು, ಉತ್ತರ ಸರಿ. ಗಣಿತದವಳಾದ ನಾನು ಇದಕ್ಕೆ ಅಂಕ ಕೊಡುವಂತಿಲ್ಲ. ಆದರೆ ಆ ಮನೆಯಲ್ಲಿ ನನ್ನ ಬಾಲ್ಯ ಎಷ್ಟು ಸುಖವಾಗಿ ಕಳೆಯಿತೆಂದು ಹೇಳದೆಯೂ ಇರಲಾರೆ.

ಶಿರಾ ಅಜ್ಜಿಯೇ ದಾರಿ ಹುಡುಕಿದಳು. ನಿಜವಾದ ಬಾವಿಯನ್ನೇ ಹೋಗಿ ನೋಡಿಬಿಡೋಣ ಎಂದಳು. ಮಾರನೆಯ ದಿನ ಅಪ್ಪ ಅಂಗಡಿಗೆ ಬಾಗಿಲು ಹಾಕಿದ. ಅಮ್ಮ ಪುಳಿಯೋಗರೆ ಕಲಸಿದಳು. ಎಲ್ಲರೂ ಕೊರಟಗೆರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಬೆಟ್ಟದ ಬುಡದ ಹಳ್ಳಿಯಲ್ಲಿ ಇಳಿದೆವು. ಚಿಕ್ಕತಾತ ದಂಡನಾಯಕನಂತೆ ಮುಂದೆ ನಡೆದ. ಮೊದಲನೆಯ ಸಂದಿನ ಕೊನೆಯಲ್ಲಿ ದನದ ಕೊಟ್ಟಿಗೆ ಸಿಕ್ಕಿತು. ಎರಡನೆಯದರಲ್ಲಿ ರಾಗಿ ಕಣ. ಮೂರನೆಯದರಲ್ಲಿ ಒಬ್ಬ ಮುದುಕಿ, ತಾನು ಈ ಬೀದಿಗೆ ಸೊಸೆಯಾಗಿ ಬಂದಾಗಿನಿಂದ ಇಲ್ಲಿ ಬಾವಿಯೇ ಇಲ್ಲ ಎಂದಳು. ಅಪ್ಪನಿಗೆ ಅಂದು ಹಬ್ಬ. ಕಂಡಕಂಡವರನ್ನು ನಿಲ್ಲಿಸಿ ಕೇಳಿದ. ಕಲ್ಲಿನ ತೊಟ್ಟಿಯನ್ನಾಗಲಿ ಹಸಿರು ಬಳೆಯ ಹೆಂಗಸನ್ನಾಗಲಿ ಯಾರೂ ಕಂಡಿರಲಿಲ್ಲ. ವಾಪಸು ಬಸ್ಸಿನ ಹೊತ್ತಾಗುತ್ತ ಬಂತು. ಚಿಕ್ಕತಾತನ ನಡಿಗೆ ನಿಧಾನವಾಯಿತು. ಕೊನೆಗೆ ಅರಳಿಕಟ್ಟೆಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ.

"ಅಕ್ಕಾ, ನಾನೂ ಬಂದಿರ್ಲಿಲ್ಲ ಅನ್ಸುತ್ತೆ. ನಮ್ಮಪ್ಪ ಒಬ್ನೇ ಬಂದಿದ್ದ. ಬಂದು ನಮ್ಮಿಬ್ರಿಗೂ ಹೇಳ್ದ."

ಅಜ್ಜಿ ಅವನ ಪಕ್ಕದಲ್ಲಿ ಕೂತಳು. ಆಮೇಲೆ ಅವಳು ಬಲಗೈಯನ್ನು ಬೊಗಸೆಯಂತೆ ಮಾಡಿ ಬಾಯಿಯ ಹತ್ತಿರ ತಂದು, ನೀರು ಹೀರುವಂತೆ ಸದ್ದು ಮಾಡಿದಳು. ಚಿಕ್ಕತಾತ ತಟ್ಟನೆ ಅವಳ ಕಡೆ ತಿರುಗಿದ. ಅಪ್ಪ ಹಿಂಗೇ ಮಾಡ್ತಿದ್ದ, ಎಂದ. ಉಣ್ಣುತ್ತ ಹೇಳ್ತಿದ್ದ, ಮುದ್ದೆ ತಣ್ಣಗಾದ್ರೂ ಕತೇಲಿ ಬೆಟ್ಟದಿಂದ ಇಳೀತಿರ್ಲಿಲ್ಲ, ಎಂದಳು ಅಜ್ಜಿ. ಇಬ್ಬರೂ ನಗತೊಡಗಿದರು. ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು ಬಂತು. ಅವರ ಅಪ್ಪ ಇಬ್ಬರೂ ಚಿಕ್ಕವರಿರುವಾಗಲೇ ಹೋಗಿಬಿಟ್ಟಿದ್ದ. ಅವನ ಮುಖ ತನಗೆ ಮರೆತೇಹೋಗಿದೆ ಎಂದು ಅಜ್ಜಿ ಎಷ್ಟೋ ಸಲ ನನ್ನೆದುರು ಕೊರಗಿದ್ದುಂಟು.

ಬಸ್ಸಿನಲ್ಲಿ ಅಕ್ಕ ತಮ್ಮ ಒಂದೇ ಸೀಟಿನಲ್ಲಿ ಕೂತು ತಮ್ಮಪ್ಪನ ಕತೆಯನ್ನು ಅವನ ದನಿಯಲ್ಲೇ ಶುರು ಮಾಡಿದರು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಿದ್ದರು. ತೆಲುಗಿನಲ್ಲಿ ಹೇಳಬೇಕಾದಲ್ಲಿ ಅವನಂತೆಯೇ ತೆಲುಗಿನಲ್ಲಿ ಹೇಳಿದರು, ಕೆಮ್ಮಬೇಕಾದಲ್ಲಿ ಅವನಂತೆಯೇ ಕೆಮ್ಮಿದರು. ಶಿರಾ ಅಜ್ಜಿ ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿ, ಆಮೇಲೆ, ಆಮೇಲೆ ಎಂದು ಕೇಳುತ್ತಿದ್ದಳು. ಕತೆಯಲ್ಲಿ ಒಂದು ಕರಡಿ ಬಂತು, ಒಬ್ಬ ಬೈರಾಗಿ ಬಂದ, ಕಿತ್ತುಹೋದ ಚಪ್ಪಲಿ ಬಂತು. ಇವು ಯಾವುವನ್ನೂ ನಾನು ಮೊದಲು ಕೇಳಿರಲಿಲ್ಲ. ಸುತ್ತಲಿನ ಸೀಟಿನವರೂ ಮಾತು ನಿಲ್ಲಿಸಿದ್ದರು. ನಾನು ಹುಟ್ಟುವ ಎಷ್ಟೋ ಮೊದಲೇ ಮಣ್ಣಾಗಿದ್ದ ಮನುಷ್ಯನೊಬ್ಬ ನನ್ನ ಪಕ್ಕದಲ್ಲೇ ನಿಧಾನಕ್ಕೆ, ಉಸಿರು ತೆಗೆದುಕೊಳ್ಳುತ್ತ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದ.

ಮಧುಗಿರಿ ಬಂದದ್ದು ನಮಗೆ ತಿಳಿಯಲಿಲ್ಲ. ಎಲ್ಲರೂ ಇಳಿದಾಗಿತ್ತು, ನಮ್ಮ ಗುಂಪು ಮಾತ್ರ ಕೂತೇ ಇತ್ತು. ಕಂಡಕ್ಟರ್ ಹತ್ತಿರ ಬಂದು, ಗಾಡಿ ಡಿಪೋಗೆ ಹೋಗಬೇಕು, ಬೇಗ ಇಳಿಯಿರಿ ಎಂದ. ಅಜ್ಜಿ ತಲೆ ಎತ್ತದೆ ಅವನ ಕಡೆ ಕೈ ಅಡ್ಡ ಹಿಡಿದಳು.

"ಒಸಿ ಇರಪ್ಪ. ನಮ್ಮಪ್ಪ ಇನ್ನೂ ಬೆಟ್ಟ ಇಳೀತಾವ್ನೆ."

ಕಂಡಕ್ಟರ್ ಬಾಗಿಲಿಗೆ ಹೋಗಿ, ಕಂಬಿ ಹಿಡಿದು ಹೊರಗೆ ಬಾಗಿ, ಬರುವ ಮುದುಕನಿಗಾಗಿ ರಸ್ತೆಯುದ್ದಕ್ಕೂ ನೋಡಿದ. ಆಮೇಲೆ ಡ್ರೈವರಿಗೆ ಸ್ವಲ್ಪ ತಡಿ ಎಂದು ಕೈಸನ್ನೆ ಮಾಡಿದ.